ಚೆಕ್‌ಲಿಸ್ಟಿನ ಮೂರನೇ ಸಾಲು

ದೆವ್ವ, ಆತ್ಮ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ನರ್ಸಿಂಗ್ ಓದಿ, ಏಳೆಂಟು ವರ್ಷ ವಾರ್ಡಿನಲ್ಲಿ ದುಡಿದು, ಆಮೇಲೆ ಪಾಠ ಹೇಳಲು ಬಂದವಳು. ಎಷ್ಟೋ ಜನರ ಕಣ್ಣನ್ನು ನಾನೇ ಮುಚ್ಚಿದ್ದೇನೆ. ಹಾಗೆ ಹೋದವರಲ್ಲಿ ಒಬ್ಬರೂ ತಿರುಗಿ ಬಂದು ನನ್ನನ್ನು ಮಾತಾಡಿಸಿದ್ದಿಲ್ಲ. ಹಾಸ್ಟೆಲಿನ ಹುಡುಗಿಯರು ಮಹಡಿಯಲ್ಲಿ ಗೆಜ್ಜೆ ಸದ್ದು ಕೇಳಿಸಿತು ಎಂದು ಬಂದರೆ, "ಹೋಗಿ ಪುಸ್ತಕ ತೆಗೀರಿ, ಗೆಜ್ಜೆನೂ ನಿಲ್ಲುತ್ತೆ, ತಮಟೆನೂ ನಿಲ್ಲುತ್ತೆ" ಎಂದು ಗದರಿಸಿ ಕಳಿಸುತ್ತಿದ್ದೆ. ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಇಂಥವೆಲ್ಲ ಸಾಮಾನ್ಯವಾಗಿ ನಡುರಾತ್ರಿ ನಡೆಯುತ್ತವಂತೆ. ನನಗೆ ಆದದ್ದು ಕೆಲವು ವರ್ಷಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ರಾಮನಗರದ ಒಂದು ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ, ನಾಲ್ಕೂ ಟ್ಯೂಬ್‌ಲೈಟ್ ಉರಿಯುತ್ತಿದ್ದಾಗ.

ನಾವು ಪಾಠ ಹೇಳುವ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಂಜೆಕ್ಷನ್ ಕೊಡುವುದನ್ನು ಮೊದಲ ವರ್ಷದವರಿಗೆ ನೇರವಾಗಿ ರೋಗಿಯ ಮೇಲೆ ಕಲಿಸುವುದಿಲ್ಲ. ಲ್ಯಾಬಿನ ಮಂಚದ ಮೇಲೆ ಆಳಿನಷ್ಟುದ್ದದ ಒಂದು ರಬ್ಬರ್ ಗೊಂಬೆ ಮಲಗಿರುತ್ತದೆ. ಮೊದಲು ಅದರ ಮೇಲೆ ನಾನು ಮಾಡಿ ತೋರಿಸುತ್ತೇನೆ, ಆಮೇಲೆ ಒಬ್ಬೊಬ್ಬರಾಗಿ ಅವರು ನನಗೆ ಮಾಡಿ ತೋರಿಸಬೇಕು. ನನ್ನ ಕೈಯಲ್ಲಿ ಇಪ್ಪತ್ತು ಸಾಲಿನ ಒಂದು ಚೆಕ್‌ಲಿಸ್ಟ್ ಇರುತ್ತದೆ. ಕೈ ತೊಳೆದಳಾ, ಟಿಕ್. ಡಾಕ್ಟರ್ ಬರೆದದ್ದನ್ನು ಓದಿ ನೋಡಿದಳಾ, ಟಿಕ್. ಮೂರನೆಯದು, ರೋಗಿಗೆ ವಿಷಯ ತಿಳಿಸಿದಳಾ ಅನ್ನುವುದು. ಅದನ್ನು ಇಂಗ್ಲಿಷಿನಲ್ಲೇ ಹೇಳಬೇಕು ಎಂಬುದು ನನ್ನ ಕಟ್ಟಪ್ಪಣೆ. ಪರೀಕ್ಷೆಗೆ ಹೊರಗಿನಿಂದ ಬರುವವರು ಇಂಗ್ಲಿಷ್ ಕೇಳುತ್ತಾರೆ, ಅದಕ್ಕೆ. ಸಾಲನ್ನೂ ನಾನೇ ಬಾಯಿಪಾಠ ಮಾಡಿಸಿದ್ದೆ. "ಐ ಆಮ್ ಗೋಯಿಂಗ್ ಟು ಗಿವ್ ಯು ಆ್ಯನ್ ಇಂಜೆಕ್ಷನ್. ಇಟ್ ವಿಲ್ ಪೇನ್ ಎ ಲಿಟಲ್. ಪ್ಲೀಸ್ ಕೋಆಪರೇಟ್." ನನ್ನ ಬೆನ್ನ ಹಿಂದೆ ಹುಡುಗಿಯರು ನನ್ನನ್ನು ಟಿಕ್ ಮೇಡಮ್ ಅನ್ನುತ್ತಿದ್ದರು. ನನಗದು ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

ರಂಜಿತಾ ಮೊದಲ ವರ್ಷದ ಹುಡುಗಿ. ಕನಕಪುರದಿಂದ ಆಚೆ ಉಯ್ಯಂಬಳ್ಳಿಯವಳು, ಬೇಸಾಯದ ಮನೆ, ತಾಯಿಗೆ ಒಬ್ಬಳೇ ಮಗಳು. ಕೈ ಎಷ್ಟು ಚುರುಕು ಅಂದರೆ, ಒಂದು ಸಲ ತೋರಿಸಿದರೆ ಸಾಕು, ಎರಡನೇ ಸಲಕ್ಕೆ ನನಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಮೂರನೇ ಸಾಲಿಗೆ ಬಂದಾಗ ಮಾತ್ರ ಬಾಯಿ ತಪ್ಪುತ್ತಿತ್ತು. ಗೊಂಬೆಯ ತೋಳು ಮುಟ್ಟಿ, "ಅವ್ವಾ, ಸೂಜಿ ಆಕ್ತೀನಿ. ಒಸಿ ನೋಯ್ತದೆ, ತಡ್ಕೊ" ಅಂದುಬಿಡುತ್ತಿದ್ದಳು. ಕ್ಲಾಸೆಲ್ಲ ಗೊಳ್ಳೆಂದು ನಗುತ್ತಿತ್ತು. "ನೋಡೇ, ನಿಮ್ಮವ್ವ ಎದ್ದು ಕೂತ್ಕೊತಾಳೆ ಈಗ" ಎಂದು ಚನ್ನಪಟ್ಟಣದ ಹುಡುಗಿಯೊಬ್ಬಳು ಕಿಚಾಯಿಸಿದ್ದಳು. ರಂಜಿತಾಳೂ ಅವರ ಜೊತೆ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ.

ಯಾಕೆಂದರೆ ಸ್ವಲ್ಪ ಅನ್ನುವುದಕ್ಕೆ ನಮ್ಮ ಕಡೆ ಆಡುವ ಆ "ಒಸಿ" ನನಗೆ ಚೆನ್ನಾಗಿ ಗೊತ್ತಿದ್ದ ಮಾತು. ನಾನೂ ಇದೇ ಸೀಮೆಯವಳೇ, ಮಾಗಡಿ ಕಡೆ, ಕುದೂರಿನ ಹತ್ತಿರದ ಹಳ್ಳಿ. ಬೆಂಗಳೂರಿಗೆ ಓದಲು ಹೋದ ಮೊದಲ ದಿನ ಹಾಸ್ಟೆಲಿನಲ್ಲಿ "ಒಸಿ ನೀರು ಕೊಡಿ" ಎಂದು ಕೇಳಿದ್ದಕ್ಕೆ, ಆ ವರ್ಷವಿಡೀ "ಒಸಿ" ಅನ್ನುವುದೇ ನನ್ನ ಹೆಸರಾಗಿಹೋಯಿತು. ಕಷ್ಟಪಟ್ಟು ಆ ಮಾತನ್ನು ನಾಲಿಗೆಯಿಂದ ಉಜ್ಜಿ ತೆಗೆದೆ. ಈ ಮಕ್ಕಳಿಗೆ ಅಂಥ ಅವಮಾನ ಆಗಬಾರದು, ಅದಕ್ಕೇ ಇಷ್ಟು ಬಿಗಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ರಂಜಿತಾಳ ಹಾಳೆಯಲ್ಲಿ ಹತ್ತೊಂಬತ್ತು ಟಿಕ್ ಹಾಕಿದೆ, ಮೂರನೇ ಸಾಲಿಗೆ ಕೆಂಪು ಗೀಟು ಎಳೆದೆ, ಕೆಳಗೆ "ರಿಪೀಟ್" ಎಂದು ಬರೆದೆ. ಚೆಕ್‌ಲಿಸ್ಟಿಗೆ ನನ್ನ ಸಹಿ ಬೀಳದಿದ್ದರೆ ಅವಳು ಪರೀಕ್ಷೆಗೆ ಕೂರುವಂತಿರಲಿಲ್ಲ. ಮುಂದಿನ ಸೋಮವಾರ ಹತ್ತಕ್ಕೆ ಬಂದು ಮತ್ತೆ ಮಾಡಿ ತೋರಿಸು ಎಂದೆ.

ಆ ವಾರ ಅವಳು ಊರಿಗೆ ಹೋಗಿದ್ದಳು. ಶುಕ್ರವಾರ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದಾಗ ಫೋನ್ ಮಾಡಿದಳು. "ಮೇಡಮ್, ಜರ ಬಂದ್ಬುಟ್ಟೈತೆ. ತಲೆ ಎತ್ತಕ್ಕಾಯ್ತಿಲ್ಲ. ಒಂದ್ ವಾರ ಬುಟ್ಟು ಬರ್ಲಾ?" ಅಂದಳು.

"ರಿಪೀಟ್ ಅಂದ ಕೂಡ್ಲೇ ಎಲ್ಲರಿಗೂ ಜ್ವರ ಬರುತ್ತೆ. ಸೋಮವಾರ ಬರ್ಲಿಲ್ಲ ಅಂದ್ರೆ ನಾನು ಸೈನ್ ಮಾಡಲ್ಲ" ಅಂದೆ.

"ಬತ್ತೀನಿ ಮೇಡಮ್" ಅಂದಳು. ತಕ್ಷಣ ತಿದ್ದಿಕೊಂಡು, "ಬರ್ತೀನಿ" ಅಂದಳು. ನಾನು ಫೋನ್ ಇಟ್ಟು ಊಟ ಮುಂದುವರಿಸಿದೆ. ಆ ಹುಡುಗಿ ಜ್ವರದಲ್ಲೂ ಒಂದು ಮಾತನ್ನು ತಿದ್ದಿಕೊಂಡಿದ್ದಳು.

ಸೋಮವಾರ ಮೊದಲ ವರ್ಷದವರೆಲ್ಲ ಇನ್ನೊಬ್ಬ ಮೇಡಮ್ ಜೊತೆ ಆಸ್ಪತ್ರೆಯ ವಾರ್ಡಿಗೆ ಹೋಗಿದ್ದರು. ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಯಾವುದೋ ರಿಜಿಸ್ಟರ್ ಬರೆಯುತ್ತಾ ಗಡಿಯಾರ ನೋಡಿದೆ, ಹತ್ತು. ಬಾಗಿಲ ಹತ್ತಿರ ಬಿಳಿ ಯೂನಿಫಾರ್ಮ್ ಕಂಡಿತು. ಮುಖಕ್ಕೆ ಮಾಸ್ಕ್ ಇತ್ತು. ಕೊರೊನಾ ಕಾಲದಲ್ಲಿ ಶುರುವಾದ ಅಭ್ಯಾಸ, ನಮ್ಮ ಲ್ಯಾಬಿನಲ್ಲಿ ಆಗ ಎಲ್ಲರೂ ಹಾಕುತ್ತಿದ್ದರು. "ಬಂದ್ಯಾ? ಶುರು ಮಾಡು" ಎಂದು ಹೊಸ ಹಾಳೆ ಎಳೆದುಕೊಂಡೆ.

ಕೈ ತೊಳೆದ ನೀರಿನ ಸದ್ದು ಕೇಳಿತು. ಟಿಕ್ ಹಾಕಿದೆ. ಕಾಗದ ಓದಿ ನೋಡಿದಳು. ಟಿಕ್ ಹಾಕಿದೆ. ಆಮೇಲೆ ಗೊಂಬೆಯ ತೋಳು ಮುಟ್ಟಿದಳು. ಪೆನ್ನು ಹಿಡಿದು ಕಾದೆ. ಅವಳು ಒಂದು ಅಕ್ಷರವೂ ತಪ್ಪದೆ, ನಾನು ಕಲಿಸಿದಂತೆಯೇ, ನಾನು ನಿಲ್ಲಿಸುವ ಕಡೆಯೇ ನಿಲ್ಲಿಸಿ, ಮೂರೂ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವಳ ದನಿಯೇ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಗೊಂಬೆಯನ್ನು ಅವ್ವ ಅನ್ನಲಿಲ್ಲ. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಟಿಕ್ ಸ್ವಲ್ಪ ದೊಡ್ಡದಾಗಿಯೇ ಬಿತ್ತು. ಉಳಿದ ಹದಿನೇಳೂ ಸರಾಗವಾಗಿ ಮುಗಿದವು. ಸಿರಿಂಜು ಡಬ್ಬಿಗೆ ಬಿದ್ದ ಸದ್ದಾಯಿತು. "ಇಷ್ಟೇ ತಾನೇ? ಮೊದಲೇ ಹೀಗೆ ಮಾಡಿದ್ರೆ ಇಷ್ಟು ಓಡಾಟ ಇರ್ತಿತ್ತಾ?" ಎನ್ನುತ್ತಾ ಸಹಿ ಹಾಕಿ ತಲೆ ಎತ್ತಿದೆ. ಅವಳು ಹೋಗಿದ್ದಳು. ಹಾಳೆ ತೆಗೆದುಕೊಳ್ಳದೆ ಹೋದಳಲ್ಲ ಎಂದು ರೇಗಿತು.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ವಾರ್ಡಿನಿಂದ ಹುಡುಗಿಯರು ಅಳುತ್ತಾ ಬಂದರು. ರಂಜಿತಾ ಹಿಂದಿನ ದಿನ, ಭಾನುವಾರ ಸಂಜೆ, ತೀರಿಕೊಂಡಿದ್ದಳು. ಡೆಂಗಿ ಜ್ವರ. ಕನಕಪುರಕ್ಕೆ ಕರೆತರುವ ಹೊತ್ತಿಗೆ ಕೈಮೀರಿತ್ತಂತೆ.

ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮಾಸ್ಕ್ ಹಾಕಿದ ಬೇರೆ ಯಾವಳೋ ಬಂದಿರಬೇಕು ಎಂದರು ಪ್ರಿನ್ಸಿಪಾಲರು. ವಾರ್ಡಿನ ಹಾಜರಿ ತೆಗೆಸಿ ನೋಡಿದೆ. ಆ ಹೊತ್ತಿಗೆ ಎಲ್ಲರೂ ಅಲ್ಲೇ ಇದ್ದರು. ಲ್ಯಾಬ್ ಗುಡಿಸುವ ಮಾದೇವಮ್ಮನನ್ನು ಕೇಳಿದೆ. "ನಾನ್ ಬಾಗ್ಲಲ್ಲೇ ನೆಲ ಒರೆಸ್ತಿದ್ನಲ್ಲ ಮೇಡಮ್. ಯಾರೂ ಒಳೀಕೆ ಓಗ್ನಿಲ್ಲ. ನೀವೊಬ್ರೇ ಏನೋ ಮಾತಾಡ್ತಿದ್ರಿ, ಫೋನಿರ್ಬೇಕು ಅನ್ಕೊಂಡೆ" ಅಂದಳು. ಡಬ್ಬಿಯಲ್ಲಿ ಸಿರಿಂಜು ಇತ್ತು. ಅದು ಶನಿವಾರದ್ದೂ ಆಗಿರಬಹುದು. ಬೇಸಿನ್ ಒದ್ದೆಯಾಗಿತ್ತು, ನಾನೇ ಕೈ ತೊಳೆದಿರಬಹುದು. ಇಪ್ಪತ್ತು ಟಿಕ್ ಮತ್ತು ಕೆಳಗಿನ ಸಹಿ ಮಾತ್ರ ನನ್ನವೇ.

ತಿಥಿ ಎಲ್ಲ ಮುಗಿದ ಮೇಲೆ ಬಸ್ಸು ಬದಲಾಯಿಸಿಕೊಂಡು ಉಯ್ಯಂಬಳ್ಳಿಗೆ ಹೋದೆ. ತಾಯಿಗೆ ಎಲ್ಲವನ್ನೂ ಹೇಳಿ ಕಾಲು ಹಿಡಿದುಕೊಳ್ಳಬೇಕು ಎಂದುಕೊಂಡಿದ್ದೆ. ಆಕೆಗೆ ನನ್ನಷ್ಟೇ ವಯಸ್ಸಿರಬಹುದು, ನೋಡಿದರೆ ಹತ್ತು ವರ್ಷ ಹೆಚ್ಚು ಅನ್ನಿಸುತ್ತಿತ್ತು. ಗೋಡೆಯ ಮೊಳೆಗೆ ಒಗೆದ ಬಿಳಿ ಯೂನಿಫಾರ್ಮ್ ತೂಗುಹಾಕಿತ್ತು. "ಸೋಮ್ವಾರ ಆಕ್ಕೊಂಡ್ ಓಯ್ತೀನಿ ಅಂತ ಒಗೆಸಿ ಇಕ್ಕಿಸ್ಕಂಡಿದ್ಲು. ತಗದೇ ಇಲ್ಲ ಮೇಡಮ್ಮೋರೆ" ಅಂದರು.

ಕಾಫಿ ತಂದುಕೊಟ್ಟು, ನನ್ನ ಎದುರಿಗೆ ಕೂತು, ಆಕೆಯೇ ಮಾತು ತೆಗೆದರು. "ಒಂದ್ ಮಾತು ಕೇಳ್ಬೇಕಿತ್ತು. ನೀವು ಓದ್ಕಂಡಿರೋರು. ಸನ್ವಾರ ಸಂಜಿಂದ ಇಂಗ್ಲೀಸ್ನಲ್ಲೇ ಬಡಬಡಿಸ್ತಿದ್ಲು, ನಂಗೊಂದೂ ತಿಳೀನಿಲ್ಲ. ಪೆನ್ನು ಪೆನ್ನು ಅಂದಂಗಾಯ್ತು. ಏನೋ ಬರೀತಾಳೆ ಅಂತ ಪೆನ್ನು ತಂದು ಕೈಗಿಕ್ದೆ. ಬಿಸಾಕ್ಬುಟ್ಲು. ನನ್ ಕೈ ಇಡ್ಕಂಡು ಕೋಪ, ಕೋಪ ಅಂದ್ಲು. ಅದೇ ಕೊನೆ ಮಾತು. ಬೆಳಗಾಗ್ಲಿ ಆಸ್ಪತ್ರೆಗೆ ಓಗವ ಅಂತ ತಡ ಮಾಡ್ದೋಳು ನಾನೇ. ನನ್ ಮ್ಯಾಲೆ ಕೋಪ ಮಾಡ್ಕಂಡೇ ಓದ್ಲಾ ನನ್ ಮಗಿ? ಅನ್ನ ಮುಂದಿಕ್ಕಂಡ್ರೆ ಅದೇ ನೆಪ್ಪಾಯ್ತದೆ."

ನನಗೆ ಆ ಕ್ಷಣವೇ ತಿಳಿಯಿತು. ಪೆನ್ನಲ್ಲ, ಪೇನ್. ಕೋಪವಲ್ಲ, ಕೋಆಪರೇಟ್. ಸಾಯುವ ಹುಡುಗಿ ಜ್ವರದಲ್ಲಿ ನನ್ನ ಮೂರನೇ ಸಾಲನ್ನು ಬಾಯಿಪಾಠ ಮಾಡುತ್ತಿದ್ದಳು. ಅವಳ ತಾಯಿಗೆ ಅರ್ಥವಾಗದ ಭಾಷೆಯಲ್ಲಿ, ನನ್ನ ಸಹಿಗೋಸ್ಕರ.

ಇದನ್ನು ಹೇಗೆ ಹೇಳುವುದು? ನಿಮ್ಮ ಮಗಳು ಕೊನೆಯಲ್ಲಿ ಒಂದು ರಬ್ಬರ್ ಗೊಂಬೆಯ ಜೊತೆ ಮಾತಾಡುತ್ತಿದ್ದಳು, ನನಗೆ ಹೆದರಿ ಎಂದು ಹೇಳುವುದೇ? ಹೇಳದಿದ್ದರೆ ಈ ತಾಯಿ ಮಗಳ ಕೋಪವನ್ನು ಹೊತ್ತುಕೊಂಡೇ ಬದುಕಬೇಕು. ಇಪ್ಪತ್ತು ವರ್ಷದಿಂದ ನಾನು ಆಡದ ಮಾತು ತಾನಾಗಿ ಬಂತು. "ಕೋಪ ಅಲ್ಲ ಕಣಕ್ಕ. ಅದು ಇಂಗ್ಲೀಷ್ ಮಾತು. ಅವ್ವಾ, ಒಸಿ ನೋಯ್ತದೆ, ತಡ್ಕೊ ಅಂದವ್ಳೆ."

"ನಂಗಾ? ನಂಗೇಳಿದ್ಲಾ?"

"ಊಂ. ನಿಮ್ಗೇ."

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗೋಡೆಯ ಮೇಲಿದ್ದ ಬಟ್ಟೆಯ ಕಡೆ ತಿರುಗಿ, "ತಡ್ಕತೀನಿ ಕಣ್ ಮಗಾ" ಅಂದರು. ನನಗೆ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ಬಾಯಿಗೆ ಕೈ ಒತ್ತಿಕೊಂಡು ಅತ್ತೆ. ಉಳಿದ ಯಾವುದನ್ನೂ ಹೇಳಲಿಲ್ಲ. ರಿಪೀಟ್ ಎಂದು ಬರೆದದ್ದನ್ನಾಗಲಿ, ಶುಕ್ರವಾರದ ಫೋನಿನ ವಿಷಯವನ್ನಾಗಲಿ, ಸೋಮವಾರ ಬಂದದ್ದನ್ನಾಗಲಿ ಹೇಳಲಿಲ್ಲ. ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಈಗ ನಾನು ಆ ಮೂರನೇ ಸಾಲನ್ನು ಅವರವರ ಊರಿನ ಮಾತಿನಲ್ಲೇ ಹೇಳಿಸುತ್ತೇನೆ. ವಾರ್ಡಿನಲ್ಲಿ ಮಲಗಿರುವವರು ಇಲ್ಲೇ ಹತ್ತಿರದ ಕೈಲಾಂಚದವರೋ ಕುದೂರಿನವರೋ ತಾನೇ, ಅವರಿಗೆ ತಿಳಿಯಬೇಕಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಮುಖ ಸಿಂಡರಿಸಿದರೆ ಅವರ ಜೊತೆ ಜಗಳವಾಡುತ್ತೇನೆ. ಹುಡುಗಿಯರು ಈಗ ನನ್ನನ್ನು ಏನೆಂದು ಕರೆಯುತ್ತಾರೋ ಗೊತ್ತಿಲ್ಲ. ಇದರಿಂದ ನಾನು ಮಾಡಿದ್ದು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಆ ಬೆಳಿಗ್ಗೆ ಬಂದದ್ದು ಯಾರು? ನನ್ನ ಮನಸ್ಸಿನ ಭ್ರಮೆ ಅನ್ನೋಣವೆಂದರೆ, ಅವಳು ಸತ್ತ ಸುದ್ದಿಯೇ ನನಗಿನ್ನೂ ತಲುಪಿರಲಿಲ್ಲ. ಅವಳ ಬಗ್ಗೆ ನನಗೆ ಕರುಣೆಯೂ ಇರಲಿಲ್ಲ, ಭ್ರಮೆ ಹುಟ್ಟುವುದಕ್ಕೆ ಏನಾದರೂ ಬೇಕಲ್ಲ. ಅವಳೇ ಅನ್ನೋಣವೆಂದರೆ ನಾನು ಓದಿದ ಯಾವ ಪುಸ್ತಕವೂ ಒಪ್ಪುವುದಿಲ್ಲ. ಎಷ್ಟು ಯೋಚಿಸಿದರೂ ಇದಕ್ಕಿಂತ ಮುಂದಕ್ಕೆ ಹೋಗಲು ನನ್ನಿಂದ ಆಗಿಲ್ಲ.

ಆದರೆ ಒಂದು ವೇಳೆ ಅವಳೇ ಆಗಿದ್ದರೆ, ಅಷ್ಟು ದೂರದಿಂದ, ಅಂಥ ಸ್ಥಿತಿಯಲ್ಲಿ, ಒಂದು ಸಹಿಗಾಗಿ ನನ್ನ ಮುಂದೆ ಬಂದು ನಿಂತಿದ್ದಳು. ನಾನು ಗಡಿಯಾರ ನೋಡಿದೆ, ಅವಳ ಕೈ ನೋಡಿದೆ, ಹಾಳೆ ನೋಡಿದೆ. ಮುಖ ನೋಡಲಿಲ್ಲ. ಜ್ವರ ಬಿಟ್ಟಿತೇನಮ್ಮ ಎಂದು ಒಂದು ಮಾತು ಕೇಳಲಿಲ್ಲ.