ಖಾಲಿ ಹೊಟ್ಟೆಯ ಕೋಡ್

ಸೂಜಿ ಹಿಡಿಯುವ ಮೊದಲು ಸುಮಿತ್ರಕ್ಕ ಎದುರಿಗೆ ಕೂತವರ ಮುಖದ ಹತ್ತಿರ ಬಾಗಿ ಒಮ್ಮೆ ಮೂಸುತ್ತಿದ್ದರು. ಆಮೇಲೆ ಸಿರಿಂಜನ್ನು ಟ್ರೇಗೆ ವಾಪಸಿಟ್ಟು, "ಕಾಫಿ ಕುಡ್ದಿದೀರಿ" ಅನ್ನುತ್ತಿದ್ದರು. ವಿದ್ಯಾರಣ್ಯಪುರಂನ ನಮ್ಮ ಪುಟ್ಟ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವುದು ಅವರ ಕೆಲಸ, ಬಿಲ್ ಹಾಕುವುದು ನನ್ನದು. ಹಾಗಾಗಿ ಬೆಳಗಿನ ಈ ಜಗಳವನ್ನು ನಾನು ದಿನಾ ಪುಕ್ಕಟೆ ನೋಡುತ್ತಿದ್ದೆ.

ಮೈಸೂರಿನವರಿಗೆ ಕಾಫಿ ಆಹಾರವಲ್ಲ, ನೋಡಿ. ಹಲ್ಲುಜ್ಜಿದಷ್ಟೇ ಸಹಜ. "ಏನೂ ತಿಂದಿಲ್ಲ ಕಣಮ್ಮ, ಬರೀ ಒಂದ್ಲೋಟ ಕಾಫಿ" ಎಂದು ದೇವರಾಣೆ ಹಾಕುವವರೇ ಎಲ್ಲ. ನಿವೃತ್ತ ಮೇಷ್ಟ್ರೊಬ್ಬರು, "ಸಕ್ಕರೆ ಅರ್ಧ ಚಮಚ ಅಷ್ಟೇ" ಎಂದು ವಾದಕ್ಕೆ ನಿಂತರು. "ಅರ್ಧ ಉಪವಾಸಕ್ಕೆ ಅಂತ ಕೋಡಿಲ್ಲ ಸಾರ್, ನಾಳೆ ಬನ್ನಿ" ಎಂದರು ಸುಮಿತ್ರಕ್ಕ. ಮೇಷ್ಟ್ರು ಪಕ್ಕದ ರಸ್ತೆಯ ಲ್ಯಾಬಿಗೆ ಹೋದರು. ಹೋದರೆ ಹೋಗಲಿ ಎಂಬುದು ಇವರ ಪಾಲಿಸಿ.

ಕೋಡ್‌ಗಳು ಬಂದದ್ದು ಹೊಸ ಕಂಪ್ಯೂಟರಿನ ಜೊತೆ. ಮುಂಚೆ ಚೀಟಿಯ ಮೇಲೆ 'ಶುಗರ್' ಎಂದು ಗೀಚಿದರೆ ಮುಗಿಯುತ್ತಿತ್ತು. ಈಗ ಖಾಲಿ ಹೊಟ್ಟೆಯದಕ್ಕೆ ಒಂದು ಕೋಡ್, ಊಟವಾಗಿ ಎರಡು ಗಂಟೆಯ ಮೇಲಿನದಕ್ಕೆ ಒಂದು, ಹೊತ್ತುಗೊತ್ತಿಲ್ಲದ್ದಕ್ಕೆ ಇನ್ನೊಂದು. ಯಾವ ಊರಿನ ಡಾಕ್ಟರು ತೆರೆದು ನೋಡಿದರೂ ಅದೇ ಅರ್ಥ. ನಮಗೆಲ್ಲ ಅದೊಂದು ತಲೆನೋವು. ಸುಮಿತ್ರಕ್ಕನಿಗೆ ಮಾತ್ರ ಹಬ್ಬ. "ನೋಡೇ, ರಕ್ತ ಬಾಯಿ ಬಿಟ್ಟು ಹೇಳಲ್ಲ. ಯಾವಾಗ ತೆಗ್ದಿದ್ದು ಅಂತ ನಾವೇ ಹೇಳ್ಬೇಕು. ನಾವು ಸುಳ್ಳೇಳಿದ್ರೆ ಮುಗೀತು" ಎನ್ನುತ್ತಿದ್ದರು.

ಅಪ್ಪ ಅಮ್ಮ ತೀರಿಹೋದ ಮೇಲೆ ಸುಮಿತ್ರಕ್ಕನಿಗೆ ತವರು ಅಂತ ಉಳಿದದ್ದು ತಮ್ಮ ರವಿ ಒಬ್ಬನೇ. ಅವನಿಗೆ ಸ್ಕೂಲ್ ವ್ಯಾನ್ ಓಡಿಸುವ ಕೆಲಸ ಹೆಚ್ಚುಕಮ್ಮಿ ಸಿಕ್ಕಂತಾಗಿತ್ತು. ಖಾಲಿ ಹೊಟ್ಟೆಯ ಶುಗರ್ ರಿಪೋರ್ಟನ್ನು ಸ್ಕೂಲಿಗೆ ಅವತ್ತೇ ಮಧ್ಯಾಹ್ನದೊಳಗೆ ಕೊಡಬೇಕಿತ್ತು. ಬೆಳಿಗ್ಗೆ ನಗುನಗುತ್ತಾ ಬಂದು ಕುರ್ಚಿಯಲ್ಲಿ ಕೂತ. ಅಕ್ಕ ಬಾಗಿದರು, ಹಿಂದೆ ಸರಿದರು.

"ಕಾಫಿ ಕುಡ್ದಿದೀಯ."

"ಶುಭ ಕಾರ್ಯಕ್ಕೆ ಹೊರಟಿದೀರಿ, ಬರೀ ಬಾಯಲ್ಲಿ ಹೋಗ್ಬೇಡಿ ಅಂತ ನನ್ ಹೆಂಡ್ತಿ ಕೊಟ್ಬುಟ್ಳು ಕಣಕ್ಕ. ನೀನು ಖಾಲಿ ಹೊಟ್ಟೆ ಅಂತ ಹಾಕ್ಬುಡು, ಯಾರ್ ನೋಡ್ತಾರೆ?"

"ನಾಳೆ ಬಾ."

"ನಾಳೆಗೆ ಕೆಲ್ಸ ಇರಲ್ಲ ಕಣಕ್ಕ!"

ನಾನೂ ಹೇಳಿದೆ, "ತಮ್ಮ ಅಲ್ವಾ ಅಕ್ಕ, ಹೋಗ್ಲಿ ಬಿಡಿ" ಅಂತ. ಅವರು ರಕ್ತ ತೆಗೆದರು, ಹೊತ್ತುಗೊತ್ತಿಲ್ಲದ ಕೋಡ್ ಹಾಕಿ ರಿಪೋರ್ಟ್ ಕೈಗಿಟ್ಟರು. ಸ್ಕೂಲಿನವರು ಅದನ್ನು ಒಪ್ಪಲಿಲ್ಲ, ಕೆಲಸ ಬೇರೊಬ್ಬನ ಪಾಲಾಯಿತು. ನನಗೆ ಸುಮಿತ್ರಕ್ಕನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಇಷ್ಟೊಂದು ಹಟವೇ ಹೆಂಗಸಿಗೆ!

ರವಿ ಅಕ್ಕನ ಮನೆಯ ಹೊಸಿಲು ತುಳಿಯುವುದನ್ನು ಬಿಟ್ಟ. ಫೋನೂ ಇಲ್ಲ. ಗೌರಿ ಹಬ್ಬಕ್ಕೆ ಅವನು ತರುತ್ತಿದ್ದ ಬಾಗಿನವೂ ನಿಂತಿತು. ಹೋದ ವರ್ಷ ಹಬ್ಬದ ದಿನ ಅರಿಶಿನ ಕುಂಕುಮಕ್ಕೆಂದು ದಟ್ಟಗಳ್ಳಿಯ ಅವರ ಮನೆಗೆ ಹೋಗಿದ್ದೆ. ಕುಂಕುಮ ಕೊಡುತ್ತಿದ್ದರೂ ಅವರ ಕಣ್ಣು ಗೇಟಿನ ಕಡೆಗೇ ಹೋಗುತ್ತಿತ್ತು.

"ಹಾಕ್ಬುಡ್ಬೋದಿತ್ತೇನೋ" ಎಂದರು, ನಾನು ಕೇಳದೆಯೇ. "ಒಂದು ಕೋಡ್ ತಾನೆ? ಮಕ್ಕಳನ್ನ ಕೂರಿಸ್ಕೊಂಡು ಓಡ್ಸೋ ವ್ಯಾನು ಅಂತ ಕೈ ಬರ್ಲಿಲ್ಲ ಕಣೇ. ಅವನು ಬಂದು ಬೈದ್ರೂ ಸಾಕು, ಬೈಸ್ಕೋತೀನಿ."

ನಾನು ಎಲೆ ಅಡಿಕೆ ತೆಗೆದುಕೊಂಡು ಬಂದುಬಿಟ್ಟೆ.

ಈ ವರ್ಷ ಯುಗಾದಿ ಕಳೆದ ಸ್ವಲ್ಪ ದಿನಕ್ಕೆ, ಒಂದು ಬೆಳಗಿನ ಜಾವ ಸುಮಿತ್ರಕ್ಕ ಬಚ್ಚಲಿನಲ್ಲಿ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಸುದ್ದಿ ಕೇಳಿ ನಾನು ಅವರ ಮನೆಗೆ ಓಡಿದೆ. ಹೆಣ್ಣುಮಗಳು ಸತ್ತರೆ ಮೈಮೇಲೆ ಹೊದಿಸುವುದಕ್ಕೆ ತವರಿನ ಸೀರೆ ಬರಬೇಕು. ತಮ್ಮ ಬರುತ್ತಾನೋ ಇಲ್ಲವೋ ಎಂದು ಹೆಂಗಸರು ಗುಸುಗುಸು ಅನ್ನುತ್ತಿದ್ದರು.

ರವಿ ಬಂದ. ಕೈಯಲ್ಲಿ ಕೆಂಪಂಚಿನ ಹಸಿರು ಸೀರೆ. ಮಡಿಕೆಯ ಗೆರೆಗಳು ಅದರಲ್ಲಿ ಅಚ್ಚೊತ್ತಿ ಕೂತಿದ್ದವು. ಅಕ್ಕನ ಮೇಲೆ ಅದನ್ನು ಹೊದಿಸಿ, ಮೂಲೆಗೆ ಬಂದು ನಿಂತ.

"ಇಷ್ಟ್ ಬೆಳಿಗ್ಗೆ ಯಾವ ಅಂಗಡಿ ತೆಗ್ದಿತ್ತಪ್ಪ?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದರು.

"ಇವತ್ತು ತಗೊಂಡಿದ್ದಲ್ಲ ಕಣಜ್ಜಿ" ಎಂದ ರವಿ. "ಹೋದ್ ಗೌರಿ ಹಬ್ಬಕ್ಕೇ ತಗೊಂಡಿದ್ದು. ಈ ಬೀದಿ ತುದಿಗಂಟ ಬಂದು, ವಾಪಸ್ ಹೋಗ್ಬುಟ್ಟಿದ್ದೆ."