ಡೆಲ್ಮರ್ ಹೌಗನ್ನರ ನಾಲ್ಕು ಚಕ್ರಗಳು

ಟೆನ್ ಸ್ಲೀಪ್ ಊರಿನಲ್ಲಿ ಕುದುರೆಗಳನ್ನೋ ದನಗಳನ್ನೋ ಬೆಟ್ಟದ ಮೇಲಿನ ಬೇಸಿಗೆ ಹುಲ್ಲುಗಾವಲಿಗೆ ಸಾಗಿಸಬೇಕಾದವರು ಮೂವತ್ತೆಂಟು ವರ್ಷಗಳ ಕಾಲ ಎಲ್ಲಕ್ಕಿಂತ ಮೊದಲು ವಿಚಾರಿಸುತ್ತಿದ್ದದ್ದು, ಡೆಲ್ಮರ್ ಹೌಗನ್ ಬಿಡುವಾಗಿದ್ದಾರೋ ಇಲ್ಲವೋ ಎಂದು. ಪಿಕಪ್ಪು, ಟ್ರೇಲರು ಬೇರೆಯವರ ಬಳಿಯೂ ಇದ್ದವು. ಆದರೆ ಕಣಿವೆಯ ಇಳಿಜಾರಿನಲ್ಲಿ ತುಂಬಿದ ಟ್ರೇಲರು ಹಿಂದಿನಿಂದ ನೂಕುವಾಗ ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಪಿಕಪ್ಪಿನ ಬ್ರೇಕಲ್ಲ, ಟ್ರೇಲರಿನದೇ ಬ್ರೇಕು. ಅದನ್ನು ಅವರಷ್ಟು ಜೋಪಾನವಾಗಿ ಇಟ್ಟುಕೊಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರ ಟ್ರೇಲರಿನಲ್ಲಿ ಒಂದು ಕರುವಿನ ಕಾಲೂ ಮುರಿದಿರಲಿಲ್ಲ.

ಚಕ್ರಗಳಿಗೆ ಗ್ರೀಸು ಹಾಕುವುದು ಅವರ ಮನೆಯಲ್ಲಿ ಹಬ್ಬದ ಹಾಗೆ. ವಸಂತದಲ್ಲಿ ದೊಡ್ಡಿಯ ಹಿಮ ಕರಗಿ ನೆಲ ಕಂಡ ದಿನ ಡೆಲ್ಮರ್ ಜಾಕು ತೆಗೆದುಕೊಂಡು ಹೊರಗೆ ಬರುತ್ತಿದ್ದರು. ಒಂದೊಂದೇ ಚಕ್ರವನ್ನು ಮೇಲೆತ್ತಿ ಅವರು ಗ್ರೀಸ್ ಗನ್ ಒತ್ತುತ್ತಿದ್ದರು, ಅವರ ಹೆಂಡತಿ ವರ್ನಾ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಎಣಿಸುತ್ತಿದ್ದರು. ಚಕ್ರಕ್ಕೆ ಐದು ಒತ್ತು. ಆರನೆಯದು ಬಿದ್ದರೆ ಗ್ರೀಸು ಒಳಗಿನ ಸೀಲು ದಾಟಿ ಬ್ರೇಕಿನ ಪಟ್ಟಿಗೆ ಹತ್ತುತ್ತದೆ, ಹತ್ತಿದ ಪಟ್ಟಿ ಮತ್ತೆ ಹಿಡಿಯುವುದಿಲ್ಲ. ನಾನು ಅವರ ಬೇಲಿಯಾಚೆಯ ಜಮೀನಿನವನು. ವರ್ನಾರ "ಐದು, ಸಾಕು" ಎಂಬ ದನಿ ನಮ್ಮ ಅಂಗಳಕ್ಕೂ ಕೇಳುತ್ತಿತ್ತು.

ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ಡೆಲ್ಮರ್ ಪಕ್ಕದ ಊರು ವರ್ಲೆಂಡಿನ ದನದ ಮೇವಿನ ಅಂಗಡಿಗೆಂದು ಹೊರಟವರು ಅದನ್ನೂ ದಾಟಿ ಅರವತ್ತು ಮೈಲಿ ಆಚೆ ಒಂದು ಪೆಟ್ರೋಲ್ ಬಂಕಿನಲ್ಲಿ ಸುಮ್ಮನೆ ಕುಳಿತಿದ್ದರು. ಡಾಕ್ಟರು ನೋಡಿ, ಇನ್ನು ಗಾಡಿ ಓಡಿಸುವುದು ಬೇಡ ಎಂದರು. ಮಾತನ್ನು ಕೇಳಿಸಿಕೊಂಡ ಡೆಲ್ಮರ್ ಮನೆಗೆ ಬರುವಷ್ಟರಲ್ಲಿ ಅದನ್ನು ಮರೆತಿದ್ದರು. ವರ್ನಾ ಎರಡನೆಯ ಸಲ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಸೊಂಟದ ಆಪರೇಷನ್ನಿಗೆಂದು ಅವರು ಬಿಲ್ಲಿಂಗ್ಸ್‌ಗೆ ಹೋಗಿ ಅಲ್ಲಿ ತಂಗಿಯ ಮನೆಯಲ್ಲಿ ಮೂರು ವಾರ ಇರಬೇಕಾಯಿತು. ಡೆಲ್ಮರ್ ಒಬ್ಬರೇ ಉಳಿದರು. ನಾನು ದಿನಕ್ಕೊಮ್ಮೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ಯಾವಾಗಲೂ ಏನೋ ಕೆಲಸದಲ್ಲಿ ಇರುತ್ತಿದ್ದರು. ಲವಲವಿಕೆಯಿಂದಿದ್ದಾರೆ ಎಂದುಕೊಂಡೆ.

ಮೇ ತಿಂಗಳಲ್ಲಿ, ಬೇಡವೆನ್ನಲಾಗದೆ ಅವರಿಗೇ ಒಪ್ಪಿಸಿದ್ದ ನಮ್ಮ ಎರಡು ಹೆಣ್ಣುಕುದುರೆಗಳನ್ನು ಬೆಟ್ಟದಾಚೆಯಿಂದ ತರುವಾಗ ಕಣಿವೆಯ ಇಳಿಜಾರಿನಲ್ಲಿ ಟ್ರೇಲರಿನ ಬ್ರೇಕು ಹಿಡಿಯಲಿಲ್ಲ. ಡೆಲ್ಮರ್ ಕೆಳ ಗೇರಿಗೆ ಹಾಕಿ, ಪಿಕಪ್ಪಿನ ಬ್ರೇಕಿನಿಂದ ಹೊಗೆ ಬರಿಸಿಕೊಂಡು ಹೇಗೋ ಕೆಳಗೆ ತಲುಪಿದರು. ಕುದುರೆಗಳು ಬೆವೆತು ನಡುಗುತ್ತಿದ್ದವು. ಡೆಲ್ಮರ್ ಇಳಿದು ನೇರ ಟ್ರೇಲರಿನ ಕಡೆ ನಡೆದರು.

"ಪೆಡಲ್ ಒತ್ತಿದ್ರೆ ಹಿಂದೆ ಏನೂ ಇಲ್ಲ ಕಣೋ. ಹೋರಿ ಬೆನ್ನಿಗೆ ತಲೆ ಕೊಟ್ಟು ನೂಕಿದ ಹಾಗೆ ನೂಕ್ತು," ಎಂದರು. "ಎಲ್ಲೋ ವೈರು ಹೋಗಿದೆ."

ಮಾರನೆಯ ದಿನ ವರ್ನಾ ನನಗೆ ಫೋನು ಮಾಡಿದರು. "ಶನಿವಾರಕ್ಕೆ ಮತ್ತೆ ಲೋಡು ಒಪ್ಕೊಂಡಿದಾನೆ. ನೀನು ಬಂದು ಅವನ ಜೊತೆ ನಿಂತು ನೋಡು. ತಪ್ಪು ವೈರಿಂದಾದ್ರೆ ರಿಪೇರಿ ಆಗತ್ತೆ. ಅವನದ್ದೇ ಆಗಿದ್ರೆ ನಾನು ಕೀ ಕಿತ್ಕೋಬೇಕು. ನಲವತ್ತಾರು ವರ್ಷ ಜೊತೆಗಿದ್ದವನ ಕೈಯಿಂದ ಹೇಗೆ ಕಿತ್ಕೊಳ್ಳಲಿ, ಹೇಳು."

ನಾನು ಕರೆಂಟು ಅಳೆಯುವ ಮೀಟರು ತೆಗೆದುಕೊಂಡು ಹೋದೆ. ನಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ನಾನು. ಅಂದಿನಿಂದ ಡೆಲ್ಮರ್ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ.

"ಬಾ ಕಾಲೇಜು. ಆ ಮೀಟರಿನ ಕೆಂಪು ಕಡ್ಡಿ ಎಲ್ಲಿ ಇಡ್ಬೇಕು ಅಂತ ಕಲಿಸಿದಾರೋ, ಇಲ್ಲ ನಾನೇ ಹೇಳ್ಬೇಕೋ?"

"ನೀವೇ ಹೇಳಿ. ಅವರು ಕಲಿಸಿದ್ದು ಪರೀಕ್ಷೆಗೆ ಮಾತ್ರ."

"ಅದು ನಿನ್ನ ಬೇಲಿ ನೋಡಿದ್ರೇನೆ ಗೊತ್ತಾಗತ್ತೆ."

ಆ ಬೆಳಿಗ್ಗೆ ಅವರು ಒಂದು ಹೆಜ್ಜೆಯನ್ನೂ ಮರೆಯಲಿಲ್ಲ. ಪಿಕಪ್ಪಿನೊಳಗೆ ಕುಳಿತು ಟ್ರೇಲರಿನ ಬ್ರೇಕಿಗೆ ಕರೆಂಟು ಕಳಿಸುವ ಪೆಟ್ಟಿಗೆಯ ಹಿಡಿಯನ್ನು ಕೈಯಿಂದ ಒತ್ತಿದರು. ನಾನು ಹಿಂದೆ ನಿಂತು, ಟ್ರೇಲರಿಗೆ ಜೋಡಿಸುವ ಏಳು ಕಡ್ಡಿಯ ಪ್ಲಗ್ಗಿನಲ್ಲಿ ನೀಲಿ ವೈರಿನ ಜಾಗಕ್ಕೆ ಮೀಟರು ಹಿಡಿದೆ. ಹನ್ನೆರಡು ವೋಲ್ಟು ಬಂತು. ಅಂದರೆ ಪಿಕಪ್ಪಿನದು ತಪ್ಪಿಲ್ಲ. ಟ್ರೇಲರಿನ ಬಿಳಿ ವೈರು ಕಬ್ಬಿಣದ ಚೌಕಟ್ಟಿಗೆ ಸೇರುವ ಬೋಲ್ಟನ್ನು ಬಿಚ್ಚಿಸಿ, ತುಕ್ಕು ಉಜ್ಜಿಸಿ, ಮತ್ತೆ ಬಿಗಿ ಮಾಡಿಸಿದರು. "ಹತ್ತರಲ್ಲಿ ಏಳು ಸಲ ಕಳ್ಳ ಇಲ್ಲೇ ಇರ್ತಾನೆ," ಎಂದರು. ಈ ಸಲ ಇರಲಿಲ್ಲ. ಆಮೇಲೆ ಜೇಬಿನಿಂದ ಒಂದು ಹಳೆಯ ದಿಕ್ಸೂಚಿ ತೆಗೆದು ನನ್ನ ಕೈಗಿತ್ತರು. ಬ್ರೇಕಿನೊಳಗೆ ಅಯಸ್ಕಾಂತವಿದೆ, ಕರೆಂಟು ತಲುಪಿದರೆ ಮುಳ್ಳು ಅತ್ತ ತಿರುಗುತ್ತದೆ. ನಾಲ್ಕು ಚಕ್ರಗಳ ಬಳಿಯೂ ಹಿಡಿದೆ. ನಾಲ್ಕು ಕಡೆಯೂ ಮುಳ್ಳು ತಿರುಗಿತು.

"ಕರೆಂಟು ಬರ್ತಿದೆ. ಆದ್ರೂ ಹಿಡೀತಿಲ್ಲ," ಡೆಲ್ಮರ್ ತಮ್ಮಷ್ಟಕ್ಕೆ ಹೇಳಿಕೊಂಡರು. "ಹಾಗಾದ್ರೆ ಹೊಟ್ಟೆ ಸೀಳಿ ನೋಡೋದೇ."

ಅಷ್ಟರಲ್ಲಿ ವರ್ನಾ ಕೋಲೂರಿಕೊಂಡು ಹೊರಗೆ ಬಂದು, ಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಂತಿದ್ದರು. ಜಾಕು ಏರಿಸಿ, ನಟ್ಟು ಬಿಚ್ಚಿ, ನಾನು ಮೊದಲನೆಯ ಚಕ್ರದ ಬ್ರೇಕಿನ ಡ್ರಮ್ಮನ್ನು ಎಳೆದೆ. ಎಳೆಯುವ ಕಷ್ಟವೇ ಇರಲಿಲ್ಲ, ಅದು ಜಾರಿಕೊಂಡು ಬಂತು. ಒಳಗೆ ಎಲ್ಲಿ ನೋಡಿದರೂ ಕೆಂಪು ಗ್ರೀಸು. ಪಟ್ಟಿಗಳು, ಸ್ಪ್ರಿಂಗು, ಅಯಸ್ಕಾಂತ ಎಲ್ಲವೂ ಅದರಲ್ಲಿ ಮುಳುಗಿದ್ದವು. ಅಂಗೈಯಷ್ಟು ದೊಡ್ಡ ಮುದ್ದೆ ನನ್ನ ಬೂಟಿನ ಮೇಲೆ ಬಿತ್ತು. ಎರಡನೆಯದೂ ಹಾಗೆಯೇ ಇತ್ತು. ಮೂರು, ನಾಲ್ಕನೆಯದನ್ನು ಬಿಚ್ಚುವ ಅಗತ್ಯವಿರಲಿಲ್ಲ, ಆದರೂ ಬಿಚ್ಚಿದೆ.

ಕೈ ಒರೆಸಿದ ಬಟ್ಟೆಯನ್ನು ಎಸೆಯಲು ಕಸದ ಪೀಪಾಯಿಯ ಮುಚ್ಚಳ ತೆಗೆದಾಗ ಖಾಲಿ ಗ್ರೀಸಿನ ಕೊಳವೆಗಳು ಕಂಡವು. ಒಂದು ಕೊಳವೆ ಅವರಿಗೆ ವರ್ಷಗಟ್ಟಲೆ ಬರುತ್ತಿತ್ತು. ಅಲ್ಲಿ ಹದಿನೇಳು ಇದ್ದವು. ವರ್ನಾ ಬಿಲ್ಲಿಂಗ್ಸ್‌ನಲ್ಲಿದ್ದ ಮೂರು ವಾರವೂ ದಿನಾ ಬೆಳಿಗ್ಗೆ ಡೆಲ್ಮರ್ ಎದ್ದು ಹೊರಗೆ ನೋಡಿದ್ದಾರೆ. ದಿನಾ ಬೆಳಿಗ್ಗೆ ಅವರ ಪಾಲಿಗೆ ಹಿಮ ಅವತ್ತೇ ಕರಗಿತ್ತು, ಮತ್ತೆ ಗ್ರೀಸ್ ಗನ್ ಒತ್ತುವಾಗ "ಐದು, ಸಾಕು" ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಕಂಡ ಆ ಲವಲವಿಕೆ ಇದೇ ಆಗಿತ್ತು. ನಾನು ತಲೆ ಎತ್ತಿದೆ. ವರ್ನಾರೂ ಪೀಪಾಯಿಯನ್ನೇ ನೋಡುತ್ತಿದ್ದರು.

ಡೆಲ್ಮರ್ ಬೆರಳಿಗೆ ಗ್ರೀಸು ತೆಗೆದುಕೊಂಡು ಬೆಳಕಿಗೆ ಹಿಡಿದರು. ಅವರ ಮುಖ ಕೆಂಪಾಗಿತ್ತು.

"ಯಾವ ಕತ್ತೆ ಮಾಡಿದ ಕೆಲಸ ಇದು? ಇದರಲ್ಲಿ ಜೀವ ಇರೋ ಪ್ರಾಣಿ ಹೋಗತ್ತೆ. ಇಂಥವನ ಕೈಗೆ ಪಿಕಪ್ ಕೊಡಬಾರದು. ನಾಯಿ ಎಳೆಯೋ ಗಾಡೀನೂ ಕೊಡಬಾರದು."

ಹೇಳಬೇಕಾದ ಹೊತ್ತು ಅದೇ ಆಗಿತ್ತು. ತೀರ್ಪನ್ನು ಅವರೇ ಕೊಟ್ಟಿದ್ದರು, ಹೆಸರೊಂದೇ ಬಾಕಿ. ನಾನು ವರ್ನಾರ ಕಡೆ ನೋಡಿದೆ.

"ನಾನು ಹಾಕಿದ್ದು ಡೆಲ್ಮರ್," ಎಂದರು ವರ್ನಾ.

"ನೀನಾ?"

"ಹೂಂ. ಆಸ್ಪತ್ರೆಯಿಂದ ಬಂದ ಮೇಲೆ. ನಿಂಗೆ ಸಹಾಯ ಆಗ್ಲಿ ಅಂತ."

"ಎಷ್ಟು ಒತ್ತಿದೆ?"

"ಎಣಿಸಲಿಲ್ಲ."

"ಮೂವತ್ತೆಂಟು ವರ್ಷ ನೀನೇ ಎಣಿಸಿದೀಯ ವರ್ನಾ."

"ಮರೆತುಹೋಯ್ತು."

"ಮರೆತುಹೋಯ್ತಂತೆ," ಡೆಲ್ಮರ್ ನನ್ನತ್ತ ತಿರುಗಿದರು. "ಕೇಳಿದ್ಯಾ ಕಾಲೇಜು? ಐದರ ತನಕ ಎಣಿಸೋದು ಮರೆತುಹೋಯ್ತಂತೆ."

ಇನ್ನಷ್ಟು ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಹೆಂಡತಿಯ ಬಳಿಗೆ ಹೋಗಿ, ಅವರ ಮುಖವನ್ನು ತುಂಬ ಹೊತ್ತು ನೋಡಿದರು. ಸಿಟ್ಟು ಇಳಿದು ಅಲ್ಲಿ ಹೆದರಿಕೆ ಬಂದಿತ್ತು.

"ಇದು ಸಣ್ಣ ವಿಷಯ ಅಲ್ಲ. ಡಾಕ್ಟರಿಗೆ ತೋರಿಸ್ಬೇಕು ನಿನ್ನ," ಎಂದರು ಮೆಲ್ಲಗೆ. "ಯಾವಾಗಿಂದ ಹೀಗೆ?"

"ಫೆಬ್ರವರಿಯಿಂದ," ಎಂದರು ವರ್ನಾ.

"ನಂಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ."

ಡೆಲ್ಮರ್ ತಲೆಯಾಡಿಸಿದರು. ಹೆಂಡತಿಯ ತೋಳು ಹಿಡಿದು ಅಲ್ಲಿದ್ದ ಬಕೆಟ್ಟಿನ ಮೇಲೆ ಕೂರಿಸಿದರು. ಆಮೇಲೆ ಜೇಬಿಗೆ ಕೈ ಹಾಕಿ ಪಿಕಪ್ಪಿನ ಕೀ ತೆಗೆದು ನನ್ನ ಮುಂದೆ ಚಾಚಿದರು.

"ಹೊಸ ಬ್ರೇಕು ತರಿಸಿ ಹಾಕು. ಶನಿವಾರದ ಲೋಡು ನೀನೇ ಒಯ್ಯಿ. ಆಮೇಲಿಂದೂ ನೀನೇ ನೋಡ್ಕೋ. ಈ ಸ್ಥಿತೀಲಿ ಇವಳೊಬ್ಬಳನ್ನೇ ಬಿಟ್ಟು ನಾನು ಬೆಟ್ಟ ಹತ್ತೋ ಹಾಗಿಲ್ಲ."

ಕೀ ಇನ್ನೂ ಬೆಚ್ಚಗಿತ್ತು. ನಾನು ತೆಗೆದುಕೊಂಡೆ. ವರ್ನಾ ಕೋಲಿನ ಹಿಡಿಯ ಮೇಲೆ ಹಣೆ ಇಟ್ಟುಕೊಂಡಿದ್ದರು. ಡೆಲ್ಮರ್ ಹೆಂಡತಿಯ ಬೆನ್ನು ಸವರುತ್ತಿದ್ದರು.

ಶನಿವಾರ ಲೋಡು ಒಯ್ದೆ. ಹೊಸ ಬ್ರೇಕು ಚೆನ್ನಾಗಿ ಹಿಡಿಯಿತು.

ಆಮೇಲೆ ಡೆಲ್ಮರ್ ಮತ್ತೆ ಗಾಡಿ ಓಡಿಸಲಿಲ್ಲ. ಊರಿನ ಕಾಫಿ ಅಂಗಡಿಯಲ್ಲಿ ಹಳೆಯ ಗೆಳೆಯರಿಗೆ ದನಿ ತಗ್ಗಿಸಿ, "ವರ್ನಾಗೆ ಮರೆವು ಶುರುವಾಗಿದೆ, ಅವಳ ಮುಂದೆ ಏನೂ ತೋರಿಸ್ಕೋಬೇಡಿ," ಎನ್ನುತ್ತಿದ್ದರು. ನಿಜ ಗೊತ್ತಿದ್ದ ಗೆಳೆಯರು ತಲೆ ಬಗ್ಗಿಸಿ ಕಾಫಿ ಕುಡಿಯುತ್ತಿದ್ದರು. ಮನೆಯಲ್ಲಿ ಡೆಲ್ಮರ್ ಹೆಂಡತಿಯ ಹಿಂದೆಯೇ ಓಡಾಡುತ್ತಿದ್ದರು, ಒಲೆ ಆರಿಸಿದ್ದಾಳೋ ಇಲ್ಲವೋ ಎಂದು ನೋಡುತ್ತಿದ್ದರು. ಇವತ್ತು ಯಾವ ವಾರ ಎಂದು ಕೇಳಿ, ವರ್ನಾ ಹೇಳಿದರೆ, "ಭೇಷ್, ಇವತ್ತು ಪರವಾಗಿಲ್ಲ," ಎನ್ನುತ್ತಿದ್ದರು. ವರ್ನಾ ಒಮ್ಮೊಮ್ಮೆ ಬೇಕೆಂದೇ ತಪ್ಪು ಹೇಳುತ್ತಿದ್ದರು. ತಿದ್ದುವುದಕ್ಕೆ ಸಿಕ್ಕಿದ ದಿನ ಡೆಲ್ಮರ್ ಸರಿಯಾಗಿ ಊಟ ಮಾಡುತ್ತಾರೆ ಎಂದು ನನಗೆ ಹೇಳಿದ್ದರು.

ಈಗ ಡೆಲ್ಮರ್ ವರ್ಲೆಂಡಿನ ಆರೈಕೆ ಮನೆಯಲ್ಲಿದ್ದಾರೆ. ವಾರಕ್ಕೆ ಮೂರು ದಿನ ವರ್ನಾರನ್ನು ನಾನು ಕರೆದುಕೊಂಡು ಹೋಗುತ್ತೇನೆ. ಹೋದ ಮಂಗಳವಾರ ಹೋದಾಗ ಡೆಲ್ಮರ್ ಅಂಗಿಯ ಗುಂಡಿ ಹಾಕಿಕೊಂಡು, ಟೋಪಿ ತೊಟ್ಟು, ಬಾಗಿಲ ಬಳಿ ನಿಂತಿದ್ದರು. ವರ್ನಾರನ್ನು ಕಂಡು ಯಾರೋ ಹೊಸಬರನ್ನು ಕಂಡವರಂತೆ ಟೋಪಿ ತೆಗೆದರು.

"ಮೇಡಂ, ನಾನು ಹೊರಡ್ಬೇಕು. ಮನೇಲಿ ಹೆಂಡತಿ ಒಬ್ಬಳೇ ಇದಾಳೆ. ಅವಳಿಗೆ ಮರೆವು. ಬಿಟ್ಟಿರೋ ಹಾಗಿಲ್ಲ."

ಗಂಡನ ಕೈಯಿಂದ ವರ್ನಾ ಟೋಪಿ ತೆಗೆದುಕೊಂಡರು.

"ಅವಳ ಜೊತೆ ಜನ ಇದಾರೆ," ಎಂದರು. "ನೀವು ಸ್ವಲ್ಪ ಹೊತ್ತು ಕೂತ್ಕೊಳ್ಳಿ."