ಕಾವಲಿನ ಬೀಜ

ನಾಯಕನಹಟ್ಟಿ ದಾಟಿದ ಮೇಲೆ ಬಸ್ಸಿನ ಟೈರು ಪಂಕ್ಚರ್ ಆಯಿತು. ಡ್ರೈವರು ಜಾಕ್ ಹುಡುಕುವಷ್ಟರಲ್ಲಿ ನಾನು ಪಕ್ಕದ ಬಯಲಿಗೆ ಇಳಿದೆ. ಮೊಣಕಾಲೆತ್ತರದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ದನಗಳನ್ನು ತಡೆದು ನಿಂತಿದ್ದ ಮುದುಕಿಯೊಬ್ಬಳು ಕೋಲೆತ್ತಿದಳು.

"ಒಳಕ್ಕೆ ಹೋಗ್‌ಬ್ಯಾಡ್ರಿ. ಬೀಜ ಉದುರೋ ತಂಕ ನಮ್ ದನಾನೇ ಬಿಡಲ್ಲ."

"ಯಾರ ಜಮೀನವ್ವ ಇದು?"

"ಜಮೀನಲ್ಲ ಕಣ್ರಿ, ದನ ಮೇಯೋ ಕಾವಲು. ನಮ್ಮಜ್ಜ, ಅವರಪ್ಪ, ಎಲ್ರೂ ಕಾಯ್ಕಂಡು ಬಂದೈದಾರೆ. ಅದ್ಕೇ ಆ ಹೆಸ್ರು."

ನಾನು ಸರ್ವೆ ಆಫೀಸಿನವನು. ಉಳುಮೆಗೆ ಬಾರದ ಇಂಥ ನೆಲಕ್ಕೆ ನಮ್ಮ ದಾಖಲೆಯಲ್ಲಿ ‘ಖರಾಬು’ ಎನ್ನುತ್ತಾರೆ. ಇಪ್ಪತ್ತು ವರ್ಷ ಆ ಪದವನ್ನು ಯೋಚನೆಯೇ ಇಲ್ಲದೆ ಬರೆದಿದ್ದೇನೆ. ಈ ಕಾವಲಿಗೂ ಅದೇ ಹೆಸರು ಎಂದು ಅವಳಿಗೆ ಹೇಳಿದೆ.

ಅವಳು ಸಿಟ್ಟಾಗಲಿಲ್ಲ, ನಕ್ಕಳು. "ಚಳ್ಳಕೆರೆ ಸಂತ್ಯಾಗೆ ಕೊಳೆತ ಟಮಾಟೆಗೆ ಖರಾಬು ಅಂತಾರೆ. ಇದೇನು ಕೊಳ್ತೈತಾ? ನೋಡ್ರಿ ಇವಳನ್ನ, ವರ್ಷಾ ವರ್ಷ ಮೇಯೋದು ಇದೇ ಹುಲ್ಲು" ಎಂದು ಪಕ್ಕದ ಬಿಳಿ ಹಸುವಿನ ಬೆನ್ನು ತಟ್ಟಿದಳು. ಹಸುವಿನ ಮೈ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಹೊರಟವನನ್ನು ಕೋಲು ಮತ್ತೆ ಅಡ್ಡಗಟ್ಟಿತು. ನನ್ನ ಪ್ಯಾಂಟಿನ ತುಂಬ ಹುಲ್ಲಿನ ಬೀಜಗಳು ಮುಳ್ಳಿನಂತೆ ಕಚ್ಚಿಕೊಂಡಿದ್ದವು.

"ಊರಿಗೆ ಒಯ್ದು ಏನ್ ಮಾಡ್ತೀರಿ? ನಮ್ ಬೀಜ ಇಲ್ಲೇ ಬಿಟ್ಟೋಗ್ರಿ."

ಕಂಡಕ್ಟರು ಕಿಟಕಿಯಿಂದ ಕೂಗುತ್ತಲೇ ಇದ್ದ. ನಾನು ಬಗ್ಗಿ, ಒಂದೊಂದೇ ಬೀಜ ಕಿತ್ತು, ಕಾವಲಿಗೆ ಹಿಂದಿರುಗಿಸಿದೆ.